ಕಷಾಯಕ್ಕೆ "ಒಂದು ಹಿಡಿ" ಎಂದರೆ ಎಷ್ಟು? ನಿಮ್ಮ ಮನೆಯ ಕ್ರಮ, ಅಳತೆ ಹೇಳಿ

ಶರಾವತಿ ಹಿನ್ನೀರು (ಹೊಸನಗರ)

ಅತ್ತೆಯವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಅವರಿದ್ದಷ್ಟು ದಿನ ಮನೆಯಲ್ಲಿ ಯಾರು ಸೀನಿದರೂ, ಯಾರ ಹೊಟ್ಟೆ ಕೆಟ್ಟರೂ ಹಿತ್ತಿಲಿನಿಂದ ಒಂದು ಸೊಪ್ಪು ಬರುತ್ತಿತ್ತು, ಒಲೆಯ ಮೇಲೆ ಅವರ ಸಣ್ಣ ಚೆಂಬು ಏರುತ್ತಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಸೋಸಿ ಕೊಟ್ಟದ್ದನ್ನು ಮಕ್ಕಳಿಗೆ ಕುಡಿಸಿದ್ದೇನೆ. ಅಳತೆ ಮಾತ್ರ ಕೇಳಿಟ್ಟುಕೊಳ್ಳಲಿಲ್ಲ.

ಕಳೆದ ವಾರ ಒಂಬತ್ತು ವರ್ಷದ ಮಗನಿಗೆ ಕೆಮ್ಮು ಶುರುವಾಯಿತು. ಚಿಕ್ಕತ್ತೆಗೆ ಫೋನ್ ಮಾಡಿದೆ. "ಆಡುಸೋಗೆ ಸೊಪ್ಪು ಒಂದು ಹಿಡಿ, ನಾಲ್ಕು ಕಾಳುಮೆಣಸು, ಒಂದು ತುಂಡು ಶುಂಠಿ. ಹದವಾಗಿ ಕುದಿಸಿ ಕೊಡು" ಎಂದರು. ಮೊದಲ ದಿನ ಆದದ್ದು ತೆಳು ಹಳದಿ ನೀರು. ಎರಡನೆಯ ದಿನ ಇನ್ನಷ್ಟು ಹೊತ್ತು ಒಲೆಯ ಮೇಲೆ ಬಿಟ್ಟೆ. ಕಪ್ಪಗಾಗಿ, ಬಾಯಿಗಿಡಲಾರದಷ್ಟು ಕಹಿಯಾಗಿ, ಮಗ ಕುಡಿದದ್ದನ್ನೆಲ್ಲ ಅಂಗಳದಲ್ಲಿ ಕಕ್ಕಿದ. ಮೂರನೆಯ ದಿನ ಹೆದರಿ ನಿಲ್ಲಿಸಿದೆ.

ಹಿಡಿ ಎಂದರೆ ಯಾರ ಹಿಡಿ? ಹಸಿ ಸೊಪ್ಪೋ, ಒಣಗಿದ್ದೋ? ಎಷ್ಟು ನೀರು? ಮುಚ್ಚಳ ಮುಚ್ಚಬೇಕೇ? ಹದ ಎಂದರೆ ಯಾವಾಗ ಇಳಿಸಬೇಕು? ಮೊಬೈಲಿಗೆ ಬರುವ ಸಂದೇಶಗಳಲ್ಲಿ ಇಂಥದಕ್ಕೆ ಇಂಥ ಸೊಪ್ಪು ಎಂದಷ್ಟೇ ಇರುತ್ತದೆ, ಮಾಡುವ ಕ್ರಮ ಇರುವುದಿಲ್ಲ. ನಿಮ್ಮ ಮನೆಯಲ್ಲಿ ನಿಜವಾಗಿ ಹೇಗೆ ಮಾಡುತ್ತೀರಿ ಎಂಬುದನ್ನು ಲೋಟ, ಚಮಚದ ಲೆಕ್ಕದಲ್ಲಿ ಬರೆಯಿರಿ. ಯಾರಿಗೆ ಕೊಡಬಾರದು ಎಂಬುದನ್ನೂ ಸೇರಿಸಿ.

ಕೊಪ್ಪದ ಅಜ್ಜಿಮನೆ

ಮಗಳೇ, ನಿನ್ನ ಚಿಕ್ಕತ್ತೆ ಹೇಳಿದ್ದು ಸುಳ್ಳಲ್ಲ. ಅವರ ಹಿಡಿಗೆ ಅವರ ಚೆಂಬು, ಅವರ ಒಲೆಯ ಉರಿ ಒಗ್ಗಿರುತ್ತದೆ. ಮಾತಿನಲ್ಲಿ ಹಿಡಿ ಮಾತ್ರ ದಾಟಿ ಬರುತ್ತದೆ, ಚೆಂಬು ಅಲ್ಲೇ ಉಳಿಯುತ್ತದೆ. ನನಗೆ ಎಪ್ಪತ್ತೊಂದು ವರ್ಷ. ನಾನೂ ಮದುವೆಯಾದ ಹೊಸದರಲ್ಲಿ ಹೀಗೆಯೇ ಎಡವಿದವಳು.

ಆಡುಸೋಗೆಯನ್ನು ನಾವು ಮಕ್ಕಳಿಗೆ ಕುದಿಸಿ ಕೊಡುವುದೇ ಇಲ್ಲ. ಬಲಿತ ಎಲೆ ನಾಲ್ಕೈದು ತೊಳೆದು, ಬಾಳೆಎಲೆಯ ತುಂಡಿನಲ್ಲಿ ಎರಡು ಸುತ್ತು ಸುತ್ತಿ, ಬಾಳೆನಾರಿನಿಂದ ಕಟ್ಟಿ, ಒಲೆಯ ಬಿಸಿ ಬೂದಿಯಲ್ಲಿ ಹೂತಿಡುತ್ತೇವೆ. ಹೊರಗಿನ ಬಾಳೆಎಲೆ ಕಂದಾಗಿ ಅಂಚು ಕರಟಲು ಶುರುವಾದಾಗ ತೆಗೆಯಬೇಕು. ಬಿಚ್ಚಿದರೆ ಒಳಗಿನ ಸೊಪ್ಪು ಹಸಿರು ಕಳೆದುಕೊಂಡು ಮೆತ್ತಗೆ, ಒದ್ದೆಯಾಗಿ ಆವಿಯಾಡುತ್ತಿರುತ್ತದೆ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಹಾಕಿ ಹಿಂಡಿದರೆ ರಸ ತಾನಾಗಿ ಇಳಿಯುತ್ತದೆ. ಹಸಿ ಎಲೆಯನ್ನು ಒರಳಿನಲ್ಲಿ ಎಷ್ಟೇ ಜಜ್ಜಿದರೂ ಆ ರಸ ಬರುವುದಿಲ್ಲ, ಹಿಪ್ಪೆಯೇ ಕೈಗೆ ಅಂಟುತ್ತದೆ. ಗ್ಯಾಸ್ ಒಲೆಯವರು ಇಡ್ಲಿ ಪಾತ್ರೆಯಲ್ಲಿ ಹಬೆಗಿಡಬಹುದು. ನಿನ್ನ ಮಗನ ವಯಸ್ಸಿನವರಿಗೆ ಅರ್ಧ ಟೀ ಚಮಚ ರಸ, ಅಷ್ಟೇ ಜೇನು, ದಿನಕ್ಕೆ ಎರಡು ಸಲ. ಅದಕ್ಕಿಂತ ಹೆಚ್ಚಾದರೆ ವಾಂತಿಯಾಗುತ್ತದೆ. ನಿನ್ನ ಮಗನಿಗೆ ಆದದ್ದೂ ಅದೇ.

ದೊಡ್ಡಪತ್ರೆಗೆ ಇಷ್ಟು ಕೆಲಸವಿಲ್ಲ. ದಪ್ಪ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ಬೆರಳಲ್ಲೇ ಹಿಂಡಿದರೆ ಸಾಕು.

ತುಂಗಾತೀರ (ತೀರ್ಥಹಳ್ಳಿ, ಆಯುರ್ವೇದ ವೈದ್ಯೆ)

ಕೊಪ್ಪದ ಅಮ್ಮ ಹೇಳಿದ ಬೂದಿಯ ಕ್ರಮಕ್ಕೆ ಗ್ರಂಥದಲ್ಲಿ ಪುಟಪಾಕ ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಅದನ್ನು ಓದಿದಾಗ ನಮ್ಮ ಮನೆಯ ಒಲೆಯೇ ನೆನಪಾಗಿತ್ತು. ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಾಯಿತು. ಆದ್ದರಿಂದ ಈ ಸೊಪ್ಪನ್ನು ಹಗುರವಾಗಿ ಕಾಣಬೇಡಿ. ಅದು ಗರ್ಭಕೋಶವನ್ನು ಸಂಕುಚಿಸುವಂಥದ್ದು, ಬಸುರಿಯರಿಗೆ ಕೊಡಲೇಬಾರದು.

ಈಗ ಅಳತೆಗೆ ಬರೋಣ. ಚರಕ ಸಂಹಿತೆ ಐದು ಮೂಲ ವಿಧಾನಗಳನ್ನು ಹೇಳುತ್ತದೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹೆಸರು ಕೇಳಿ ಗಾಬರಿಯಾಗಬೇಡಿ, ಐದನ್ನೂ ನಿಮ್ಮ ಮನೆಯಲ್ಲಿ ಮಾಡುತ್ತೀರಿ. ದೊಡ್ಡಪತ್ರೆ ಹಿಂಡಿದ್ದು ಸ್ವರಸ. ತಂಬುಳಿಗೆ ಒಂದೆಲಗ ಅರೆದದ್ದು ಕಲ್ಕ. ಕೊತ್ತಂಬರಿ ಬೀಜ ಜಜ್ಜಿ ರಾತ್ರಿಯಿಡೀ ತಣ್ಣೀರಿನಲ್ಲಿಟ್ಟು ಬೆಳಿಗ್ಗೆ ಸೋಸಿದ್ದು ಹಿಮ, ಅದಕ್ಕೆ ಒಂದು ಪಾಲು ಬೀಜ, ಆರು ಪಾಲು ನೀರು. ಕುದಿದ ನೀರನ್ನು ಒಲೆಯಿಂದ ಇಳಿಸಿ, ಅದಕ್ಕೆ ಸೊಪ್ಪು ಹಾಕಿ ಮುಚ್ಚಿಟ್ಟು ಸೋಸಿದರೆ ಫಾಂಟ, ಒಂದಕ್ಕೆ ನಾಲ್ಕು. ತುಳಸಿ, ಮಜ್ಜಿಗೆ ಹುಲ್ಲು, ಪುದೀನದಂಥ ಪರಿಮಳದ ಸೊಪ್ಪಿಗೆಲ್ಲ ಫಾಂಟವೇ ಸರಿ. ಪರಿಮಳವೇ ಅವುಗಳ ಗುಣ. ತುಳಸಿಯನ್ನು ಅರ್ಧ ಗಂಟೆ ಕುದಿಸಿದರೆ ಗುಣವೆಲ್ಲ ಮಾಡಿನ ಹಂಚಿಗೆ ಹೋಗುತ್ತದೆ, ಲೋಟದಲ್ಲಿ ಬಣ್ಣ ಮಾತ್ರ ಉಳಿಯುತ್ತದೆ.

ಕ್ವಾಥ, ಅಂದರೆ ಕಷಾಯ, ಬೇರು, ತೊಗಟೆ, ಕಾಂಡ, ಒಣ ಕಾಯಿಗಳಿಗೆ. ವಸ್ತು ಮೆತ್ತಗಿದ್ದರೆ ನಾಲ್ಕು ಪಾಲು ನೀರು, ಮಧ್ಯಮವಾದರೆ ಎಂಟು, ಗಟ್ಟಿಯಾದರೆ ಹದಿನಾರು. ಕಾಲು ಭಾಗಕ್ಕೆ ಇಳಿಸಬೇಕು. ನಾನು ರೋಗಿಗಳಿಗೆ ಹೇಳುವ ಲೆಕ್ಕ ಹೀಗೆ: ತರಿತರಿಯಾಗಿ ಕುಟ್ಟಿದ ಒಣ ಬೇರು ಅಥವಾ ತೊಗಟೆ ಸುಮಾರು 10 ಗ್ರಾಂ. ನೀರು 160 ಮಿಲಿಲೀಟರ್. ಸಣ್ಣ ಉರಿಯಲ್ಲಿ, ಮುಚ್ಚಳವಿಲ್ಲದೆ, 40 ಮಿಲಿಲೀಟರ್ ಉಳಿಯುವವರೆಗೆ. ನುಣ್ಣಗೆ ಪುಡಿ ಮಾಡಿದರೆ ತಳ ಹಿಡಿಯುತ್ತದೆ, ಸೋಸಲೂ ಆಗದು. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು. ಫ್ರಿಜ್‌ನಲ್ಲಿಟ್ಟು ಮೂರು ದಿನ ಕುಡಿಯುವುದು ಬೇಡ.

ಇನ್ನು ಹಸಿ, ಒಣ ಎಂಬ ಪ್ರಶ್ನೆ. ಸಾಮಾನ್ಯ ನಿಯಮ, ಒಣಗಿದ್ದರ ಬದಲು ಹಸಿ ಹಾಕುವುದಾದರೆ ತೂಕ ಎರಡು ಪಟ್ಟು. ಇದಕ್ಕೆ ಹೊರತಾದವೂ ಇವೆ. ಅಮೃತಬಳ್ಳಿ, ಕೊಡಸಿಗ, ಆಡುಸೋಗೆ, ಶತಾವರಿ ಇವನ್ನು ಹಸಿಯಾಗಿಯೇ ಬಳಸಬೇಕು, ಇಮ್ಮಡಿ ಮಾಡಬಾರದು. ಹೊಸನಗರದ ಅಕ್ಕ, ನೀವು ಹಸಿ ಆಡುಸೋಗೆಯನ್ನೇ ಒಂದು ತುಂಬು ಹಿಡಿ ಹಾಕಿ ಬತ್ತಿಸಿದ್ದೀರಿ. ಒಂಬತ್ತು ವರ್ಷದ ಮಗುವಿಗೆ ಅದು ಬಹಳವಾಯಿತು.

ಪಾತ್ರೆಯೂ ಮುಖ್ಯ. ಮಣ್ಣಿನದು ಉತ್ತಮ, ಸ್ಟೀಲ್ ಸಾಕು. ನೆಲ್ಲಿ, ಮುರುಗಲು ಮುಂತಾದ ಹುಳಿಯ ವಸ್ತುವನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯಲ್ಲಿ ಕುದಿಸಬೇಡಿ.

ಬೆಂಗಳೂರಲ್ಲಿ ಮಲೆನಾಡಿಗ

ತುಂಬ ಉಪಕಾರವಾಯಿತು. ನನ್ನದು ಎರಡು ಪ್ರಶ್ನೆ. ಊರಿನಿಂದ ಅಮ್ಮ ಕಳಿಸಿದ ಕಷಾಯದ ಪುಡಿ ಡಬ್ಬಿ ತೆಗೆದರೆ ಮುಗ್ಗಲು ವಾಸನೆ. ಬಿಸಿಲಿಗೆ ಹಾಕಿ ಬಳಸಬಹುದೇ? ಇನ್ನೊಂದು, ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಈಚೆಗೆ ಯಾರೋ ಮಧುನಾಶಿನಿ ಎಲೆ ಕೊಟ್ಟಿದ್ದಾರೆ, ಅದನ್ನೂ ಕುದಿಸಿ ಕುಡಿಯುತ್ತಿದ್ದಾರೆ. ಊಟಕ್ಕೆ ಮುಂಚೆ ಕೈ ನಡುಗುತ್ತದೆ, ಬೆವರುತ್ತದೆ ಎನ್ನುತ್ತಾರೆ.

ತುಂಗಾತೀರ

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ಈ ಹೊತ್ತಿನ ವಿಷಯ. ಕೈ ನಡುಕ, ಬೆವರು ಸಕ್ಕರೆ ಕೆಳಗಿಳಿದ ಲಕ್ಷಣ ಆಗಿರಬಹುದು. ಇಂದೇ ಅಮ್ಮನಿಗೆ ಫೋನ್ ಮಾಡಿ, ಮಧುನಾಶಿನಿ ನಿಲ್ಲಿಸಲು ಹೇಳಿ. ನಡುಕ ಬಂದಾಗ ಒಂದು ಲೋಟ ನೀರಿಗೆ ಎರಡು ಮೂರು ಚಮಚ ಸಕ್ಕರೆ ಬೆರೆಸಿ ಕುಡಿಯಲಿ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದ ವೈದ್ಯರಿಗೆ ಎಲ್ಲವನ್ನೂ ತಿಳಿಸಲಿ. ಮಧುನಾಶಿನಿ ಸಕ್ಕರೆ ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ, ಎರಡೂ ಸೇರಿದರೆ ಲೆಕ್ಕ ತಪ್ಪುತ್ತದೆ. ಎರಡು ಗಂಟೆ ಬಿಟ್ಟು ಕುಡಿದರೆ ಆಯಿತು ಎಂದು ಬಹಳ ಜನ ನಂಬಿದ್ದಾರೆ. ಹೊಟ್ಟೆಯಲ್ಲಿ ಬೆರೆಯುವುದಲ್ಲ ಇಲ್ಲಿ ಸಮಸ್ಯೆ, ರಕ್ತದಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡುವುದು.

ಅವರ ಕಷಾಯದ ಪುಡಿಯಲ್ಲಿ ಅತಿಮಧುರ ಇದೆಯೇ ಎಂದೂ ಕೇಳಿ. ದಿನವೂ ಅತಿಮಧುರ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ.

ಮುಗ್ಗಲು ಪುಡಿಯನ್ನು ಎಸೆಯಿರಿ. ಬಿಸಿಲು ವಾಸನೆಯನ್ನು ತೆಗೆಯಬಹುದು, ಬೂಷ್ಟು ಬಿಟ್ಟುಹೋದ ವಿಷವನ್ನು ತೆಗೆಯುವುದಿಲ್ಲ.

ಅಡಿಕೆ ದಬ್ಬೆ (ಸಾಗರ)

ಮುಗ್ಗಲಿನ ಬಗ್ಗೆ ನಾನು ಹೇಳಬಲ್ಲೆ. ಅಡಿಕೆ ಒಣಗಿಸಿ ಒಣಗಿಸಿ ನಮಗೆ ತೇವದ ಗುಣ ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಂಥ ಗಾಳಿಯಲ್ಲಿ ಜೂನ್ ದಾಟಿದ ಮೇಲೆ ಯಾವುದನ್ನು ಒಣಗಿಸಿದರೂ ಅದು ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ನಮ್ಮ ಮನೆಯಲ್ಲಿ ಕಷಾಯದ ಸಾಮಾನೆಲ್ಲ ಶಿವರಾತ್ರಿಯಿಂದ ಯುಗಾದಿಯ ಒಳಗೆ ಒಣಗಿ ಡಬ್ಬಿ ಸೇರಬೇಕು. ಎಲೆಯನ್ನು ನೆರಳಿನಲ್ಲಿ, ಗಾಳಿಯಾಡುವ ಜಗಲಿಯಲ್ಲಿ ತೆಳ್ಳಗೆ ಹರಡುತ್ತೇವೆ. ಬಿಸಿಲಿಗೆ ಹಾಕಿದರೆ ಬಣ್ಣವೂ ವಾಸನೆಯೂ ಹೋಗುತ್ತದೆ. ಬೇರು, ತೊಗಟೆಗೆ ಬಿಸಿಲು ಬೇಕು, ತುಂಡು ಮುರಿದರೆ ಟಪ್ ಎಂದು ಶಬ್ದ ಬರಬೇಕು. ಬಾಗಿದರೆ ಇನ್ನೂ ನೀರಿದೆ ಎಂದೇ ಅರ್ಥ.

ಎಲ್ಲಕ್ಕಿಂತ ದೊಡ್ಡ ತಪ್ಪು ಪುಡಿ ಮಾಡಿ ಇಡುವುದು. ಇಡಿಯಾಗಿಟ್ಟದ್ದು ವರ್ಷ ನಿಲ್ಲುತ್ತದೆ, ಪುಡಿ ಎರಡು ತಿಂಗಳಿಗೆ ಸತ್ವ ಕಳೆದುಕೊಳ್ಳುತ್ತದೆ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಒಣಶುಂಠಿ, ಏಲಕ್ಕಿ ಎಲ್ಲವನ್ನೂ ಇಡಿಯಾಗಿ ಗಾಜಿನ ಭರಣಿಯಲ್ಲಿ ತುಂಬಿ, ತಿಂಗಳಿಗೆ ಬೇಕಾದಷ್ಟನ್ನೇ ಹುರಿದು ಪುಡಿ ಮಾಡುತ್ತೇವೆ. ಮಳೆಗಾಲದಲ್ಲಿ ಒದ್ದೆ ಚಮಚ ಅದರ ಹತ್ತಿರ ಸುಳಿಯುವಂತಿಲ್ಲ. ಇದು ಹಾಲು, ಜೋನಿ ಬೆಲ್ಲದ ಜೊತೆ ಚಹಾದ ಬದಲು ಕುಡಿಯುವ ಕಷಾಯ. ಲೋಟಕ್ಕೆ ಒಂದು ಚಮಚ, ಎರಡು ಕುದಿ ಸಾಕು. ಡಾಕ್ಟರು ಹೇಳಿದ ಬತ್ತಿಸುವ ಕಷಾಯವೇ ಬೇರೆ. ಎರಡಕ್ಕೂ ಒಂದೇ ಹೆಸರು ಇರುವುದರಿಂದಲೇ ಇಷ್ಟು ಗೊಂದಲ.

ಎಣ್ಣೆಯದೂ ಒಂದು ಮಾತು. ತಲೆಗೆ ಹಚ್ಚುವ ಗರಗದ ಸೊಪ್ಪಿನ ಎಣ್ಣೆ ನನ್ನ ಹೆಂಡತಿ ಪ್ರತಿ ವರ್ಷ ಕಾಸುತ್ತಾಳೆ. ಕೊಬ್ಬರಿ ಎಣ್ಣೆ ಕಾಲು ಲೀಟರ್, ಸೊಪ್ಪು ಅರೆದು ಹಿಂಡಿದ ರಸ ಒಂದು ಲೀಟರ್, ನುಣ್ಣಗೆ ಅರೆದ ಸೊಪ್ಪಿನ ಉಂಡೆ 60 ಗ್ರಾಂ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ತಿರುವಬೇಕು. ಮೊದಲು ಇಡೀ ಬಾಣಲೆ ಗೊಳಗೊಳ ಎನ್ನುತ್ತದೆ. ನೀರು ಆರುತ್ತಾ ಬಂದ ಹಾಗೆ ಶಬ್ದ ತಗ್ಗಿ ಚಿರಿಚಿರಿ ಆಗುತ್ತದೆ, ಆಮೇಲೆ ಅದೂ ನಿಂತು ಮೇಲೆ ಸಣ್ಣ ನೊರೆ ಏಳುತ್ತದೆ. ಆಗ ತಳದ ಗಸಿಯನ್ನು ಸ್ವಲ್ಪ ತೆಗೆದು ಬೆರಳುಗಳ ನಡುವೆ ಹೊಸೆದು ನೋಡುತ್ತಾಳೆ. ಬತ್ತಿಯಂತೆ ಹೊಸೆಯಲು ಬಂದರೆ, ಆ ಬತ್ತಿಯನ್ನು ದೀಪಕ್ಕೆ ಹಿಡಿದಾಗ ಚಟಚಟ ಎನ್ನದೆ ಉರಿದರೆ ಎಣ್ಣೆ ಆಯಿತು. ಚಟಚಟ ಎಂದರೆ ನೀರು ಉಳಿದಿದೆ, ಅಂಥ ಎಣ್ಣೆ ತಿಂಗಳಿಗೇ ಕಮಟು ವಾಸನೆ ಹೊಡೆಯುತ್ತದೆ. ಗಸಿ ಗರಿಗರಿಯಾಗಿ ಕಪ್ಪಾದರೆ ಸುಟ್ಟಿದೆ.

ತುಂಗಾತೀರ

ಅಣ್ಣ, ಕಲ್ಕ ಒಂದು, ಎಣ್ಣೆ ನಾಲ್ಕು, ದ್ರವ ಹದಿನಾರು. ನಿಮ್ಮ ಮನೆಯವರ ಅಳತೆ ಗ್ರಂಥದ ಅಳತೆಯೇ.

ಕುಂದಾದ್ರಿ (ಆಗುಂಬೆ ಕಡೆ, ಅರಣ್ಯ ಇಲಾಖೆಯ ನಿವೃತ್ತ ನೌಕರ)

ಎಲ್ಲರೂ ಎಷ್ಟು ಹಾಕಬೇಕು ಎನ್ನುತ್ತಿದ್ದೀರಿ. ಹಾಕುತ್ತಿರುವುದು ಯಾವುದು ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಮೂವತ್ತು ವರ್ಷ ಕಾಡು ತಿರುಗಿದವನಾಗಿ ಕೈಮುಗಿದು ಹೇಳುತ್ತೇನೆ, ಗಿಡ ಖಚಿತವಾಗದೆ ಒಲೆ ಹಚ್ಚಬೇಡಿ.

ಆಷಾಢದ ಅಮಾವಾಸ್ಯೆಗೆ ಘಟ್ಟದ ಕೆಳಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ಸಂಬಂಧಗಳ ಮೂಲಕ ನಮ್ಮ ಕಡೆಯ ಕೆಲವು ಮನೆಗಳಿಗೂ ಬಂದಿದೆ. ಸೂರ್ಯ ಹುಟ್ಟುವ ಮುಂಚೆ, ಕತ್ತಲಲ್ಲಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಆ ಕತ್ತಲಲ್ಲಿ ಹಾಲೆಯ ಬದಲು ಕಾಸರಕದ ತೊಗಟೆ ಕೈಗೆ ಬಂದರೆ ಪ್ರಾಣವೇ ಹೋಗುತ್ತದೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಹಿಂದಿನವರು ಹಗಲಲ್ಲೇ ಮರ ಗುರುತಿಸಿ, ಅದಕ್ಕೊಂದು ದಾರ ಕಟ್ಟಿ ಬರುತ್ತಿದ್ದರು. ಈಗ ದಾರ ಕಟ್ಟುವವರಿಲ್ಲ, ಟಾರ್ಚ್ ಹಿಡಿದು ನೇರ ಹೋಗುತ್ತಾರೆ. ಹಾಲೆಗೆ ಗೆಣ್ಣಿನ ಸುತ್ತ ಏಳರ ಆಸುಪಾಸಿನಲ್ಲಿ ಎಲೆಗಳು ಚಕ್ರದಂತೆ ಇರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕಕ್ಕೆ ಎಲೆ ಎದುರುಬದುರು ಜೋಡಿ, ಎಲೆಯ ಬುಡದಿಂದ ಮೂರೋ ಐದೋ ನರ ಉದ್ದಕ್ಕೆ ಎದ್ದು ಕಾಣುತ್ತವೆ, ಹಾಲು ಇಲ್ಲ, ಕಿತ್ತಳೆ ಬಣ್ಣದ ದುಂಡು ಹಣ್ಣು, ಒಳಗೆ ನಾಣ್ಯದಂಥ ಚಪ್ಪಟೆ ಬೀಜ.

ಅಮೃತಬಳ್ಳಿಯಲ್ಲೂ ಇದೇ ಕಥೆ. ಅದರದೇ ಜಾತಿಯ ಇನ್ನೊಂದು ಬಳ್ಳಿ ಇದೆ, ಕಾಂಡದ ಮೇಲೆಲ್ಲ ನರುಲಿಯಂಥ ಗಂಟು ಗಂಟು. ಅದನ್ನೂ ಅಮೃತಬಳ್ಳಿ ಎಂದು ಕುಂಡದಲ್ಲಿ ಬೆಳೆಸುತ್ತಾರೆ. 2022ರ ಫೆಬ್ರುವರಿಯಲ್ಲಿ ಆಯುಷ್ ಸಚಿವಾಲಯವೇ ಈ ಗೊಂದಲದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಇನ್ನು ತೊಗಟೆ ತೆಗೆಯುವವರಿಗೆ. ಬುಡದ ಸುತ್ತ ಉಂಗುರದಂತೆ ಕೆತ್ತಿದರೆ ಮರ ಸಾಯುತ್ತದೆ. ಅಶೋಕ ಮರ, ಸೀತೆಯ ಹೆಸರಿನ ನಿಜವಾದ ಅಶೋಕ, ನಾನು ಕೆಲಸಕ್ಕೆ ಸೇರಿದಾಗ ಹಳ್ಳದ ದಂಡೆಗಳಲ್ಲಿ ಕೆಂಪಗೆ ಹೂ ಬಿಟ್ಟು ನಿಲ್ಲುತ್ತಿತ್ತು. ಎಷ್ಟೋ ಕಡೆ ಚರ್ಮ ಸುಲಿದ ಬಿಳಿ ಕಾಂಡಗಳನ್ನು ನೋಡಿ ಬಂದಿದ್ದೇನೆ, ಮನೆಗೆ ಬಂದು ಊಟ ಸೇರುತ್ತಿರಲಿಲ್ಲ. ತೊಗಟೆ ಬೇಕೇ ಬೇಕು ಎಂದಾದರೆ ನಿಮ್ಮ ಜಾಗದ ಮರದ ಬಲಿತ ಕೊಂಬೆಯಿಂದ, ಉದ್ದಕ್ಕೆ ಒಂದು ಪಟ್ಟಿ ತೆಗೆಯಿರಿ, ಗಾಯಕ್ಕೆ ಸಗಣಿ ಮೆತ್ತಿ. ಕಾಯ್ದಿಟ್ಟ ಕಾಡಿನಿಂದ ಅನುಮತಿಯಿಲ್ಲದೆ ತರುವುದು ಅಪರಾಧ. ಆಗುಂಬೆಯಲ್ಲಿ ಔಷಧಿ ಸಸ್ಯಗಳಿಗೆಂದೇ ಸಂರಕ್ಷಣಾ ಪ್ರದೇಶ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಶರಾವತಿ ಹಿನ್ನೀರು

ಕುಂದಾದ್ರಿಯವರೇ, ಓದಿ ಎದೆ ಧಸಕ್ಕೆಂದಿತು. ನಮ್ಮ ಬೇಲಿಯ ಮೇಲಿನ ಬಳ್ಳಿಯನ್ನು ಈಗಷ್ಟೇ ಹೋಗಿ ನೋಡಿ ಬಂದೆ. ಕಾಂಡಕ್ಕೆ ನರುಲಿಯಂಥ ಗಂಟು ಇಲ್ಲ, ಮೇಲೆ ಕಾಗದದಂಥ ತೆಳು ಸಿಪ್ಪೆ ಸುಲಿದು ಒಳಗೆ ಹಸಿರು ಕಾಣುತ್ತದೆ.

ಕುಂದಾದ್ರಿ

ಹಾಗಾದರೆ ಅದು ಸರಿಯಾದ ಬಳ್ಳಿಯೇ ಎನಿಸುತ್ತದೆ. ಆದರೂ ಗೊತ್ತಿದ್ದವರೊಬ್ಬರಿಗೆ ಒಮ್ಮೆ ತೋರಿಸಿ.

ಕೊಪ್ಪದ ಅಜ್ಜಿಮನೆ

ನನಗೆ ಒಂದು ವಿಷಯ ಹೇಳಬೇಕು ಎನಿಸುತ್ತಿದೆ. ಮನೆಮದ್ದು ಎಂದರೆ ಎಲ್ಲರೂ ಕಹಿ ಕಷಾಯವನ್ನೇ ನೆನೆಯುತ್ತಾರೆ. ನಮ್ಮಲ್ಲಿ ಹೆಚ್ಚಿನ ಮದ್ದು ಊಟದ ಎಲೆಯ ಮೇಲೇ ಇತ್ತು. ಒಂದೆಲಗದ ತಂಬುಳಿಗೆ ಎರಡು ಹಿಡಿ ಸೊಪ್ಪು, ಅಂದರೆ ಒತ್ತದೆ ತುಂಬಿದ ಒಂದು ಲೋಟ. ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪನ್ನೂ ಅದರಲ್ಲೇ ಒಮ್ಮೆ ಬಾಡಿಸಿ, ಅರ್ಧ ಲೋಟ ಕಾಯಿತುರಿಯೊಂದಿಗೆ ಅರೆದು ಎರಡು ಲೋಟ ಮಜ್ಜಿಗೆಗೆ ಬೆರೆಸಬೇಕು. ಕುದಿಸಬಾರದು. ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯದೋ ಪೇರಲೆ ಕುಡಿಯದೋ ತಂಬುಳಿ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಲಾವಂಚದ ಬೇರಿನ ಸಣ್ಣ ಕಟ್ಟು. ಹಿಮ್ಮಡಿ ಒಡೆದರೆ ಮುರುಗಲು ತುಪ್ಪವನ್ನು ದೀಪದ ಬಿಸಿಗೆ ಕರಗಿಸಿ ಹಚ್ಚುತ್ತಿದ್ದೆವು.

ಮಗುವಿಗೆ ಬಜೆ ತೇದು ಹಾಕುವುದನ್ನು ಯಾರೂ ಬರೆಯಲಿಲ್ಲ. ಬಜೆಯ ಬೇರನ್ನು ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಒಂದೇ ಸುತ್ತು. ನನ್ನ ಮೂರೂ ಮಕ್ಕಳಿಗೆ ಹಾಕಿದ್ದೇನೆ.

ತುಂಗಾತೀರ

ಅಮ್ಮ, ನೀವು ಬರೆದದ್ದರಲ್ಲಿ ಇದೊಂದನ್ನು ನಾನು ಒಪ್ಪಲಾರೆ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ, ನಮ್ಮ ದೇಶದ ಬಜೆಯಲ್ಲಿ ಅದು ಹೆಚ್ಚು. ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರದಲ್ಲಿ ಬಳಸುವಂತಿಲ್ಲ. ನೀವು ಒಂದೇ ಸುತ್ತು ತೇದಿದ್ದೀರಿ. ಈಗಿನ ತಾಯಂದಿರು ಒಂದು ಸುತ್ತಿನ ಬದಲು ಹತ್ತು ಸುತ್ತು ತೇಯುತ್ತಾರೆ, ಪೇಟೆಯ ಪುಡಿಯನ್ನು ಚಮಚದಲ್ಲಿ ಅಳೆದು ಹಾಕುತ್ತಾರೆ. ವಾಂತಿ ನಿಲ್ಲದೆ, ಮಂಪರು ಹಿಡಿದ ಶಿಶುಗಳನ್ನು ನಾನೇ ಆಸ್ಪತ್ರೆಗೆ ಕಳಿಸಿದ್ದೇನೆ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಏನೂ ಬೇಡ. ಒಂದು ವರ್ಷದೊಳಗೆ ಜೇನು ಬೇಡ, ಅದರಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯನ್ನು ಶಿಶುವಿನ ಎದೆಗೆ ಹಚ್ಚುವುದೂ ಬೇಡ. ಕರ್ಪೂರ ಚರ್ಮದಿಂದಲೂ ಒಳಹೋಗುತ್ತದೆ, ಬಾಯಿಗೆ ಹೋದರಂತೂ ಫಿಟ್ಸ್ ಬರುತ್ತದೆ.

ಕೊಪ್ಪದ ಅಜ್ಜಿಮನೆ

ಡಾಕ್ಟರೇ, ನನ್ನ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಅಮ್ಮ ಹೇಳಿಕೊಟ್ಟದ್ದು ಅದು. ಆದರೆ ಮಂಪರು ಹಿಡಿದ ಮಗುವನ್ನು ನೀವು ಕಣ್ಣಾರೆ ನೋಡಿದ್ದೀರಿ, ನಾನು ನೋಡಿಲ್ಲ. ಮೊಮ್ಮಗಳ ಬಾಣಂತನ ಮುಂದಿನ ತಿಂಗಳು. ಬಜೆಯ ಮಣಿಯನ್ನು ಕೈಗೆ ಕಟ್ಟುವುದನ್ನೂ ಬಿಡುತ್ತೇವೆ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಅಡಿಕೆ ದಬ್ಬೆ

ಕಾಮಾಲೆಗೆ ನೆಲನೆಲ್ಲಿಯ ವಿಷಯ ಬರಲಿಲ್ಲವಲ್ಲ. ನಮ್ಮ ಊರಿನಲ್ಲಿ ಎಷ್ಟೋ ಜನಕ್ಕೆ ಗುಣವಾಗಿದೆ. ಬೇರು ಸಮೇತ ಒಂದು ಗಿಡ ಅರೆದು ಮಜ್ಜಿಗೆಯಲ್ಲಿ, ಬರಿ ಹೊಟ್ಟೆಗೆ.

ತುಂಗಾತೀರ

ಗುಣವಾಗಿರುವುದು ನಿಜ, ಅಣ್ಣ. ಯಾವುದರಿಂದ ಎಂಬುದನ್ನು ಬಿಡಿಸಿ ನೋಡಬೇಕು. ಕಾಮಾಲೆ ಒಂದು ಲಕ್ಷಣ, ಅದಕ್ಕೆ ಕಾರಣ ಹಲವು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಹೆಸರು ಅದಕ್ಕೇ. 1988ರಲ್ಲಿ ಮದ್ರಾಸಿನ ಸಂಶೋಧಕರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವೈರಾಣು ಕಡಿಮೆಯಾಯಿತು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ.

ನನ್ನ ಆತಂಕ ಬೇರೆ. ಗದ್ದೆಗೆ ಇಳಿಯುವವರಿಗೆ ಬರುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕು, ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ಬಸುರಿಯರಿಗೆ ಹೆಪಟೈಟಿಸ್ ಇ ಜೀವಕ್ಕೇ ಅಪಾಯ. ಮೊದಲು ರಕ್ತ ಪರೀಕ್ಷೆ. ಕಾರಣ ತಿಳಿದ ಮೇಲೆ ವೈದ್ಯರಿಗೆ ಹೇಳಿಯೇ ನೆಲನೆಲ್ಲಿ ಮಜ್ಜಿಗೆ.

ಸೊರಬದ ಆಶಾ (ಆಶಾ ಕಾರ್ಯಕರ್ತೆ)

ಡಾಕ್ಟರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ, ಅಂದರೆ ಉಣುಗು (ಉಣ್ಣೆ) ಕಚ್ಚಿ ಹರಡುವ ಜ್ವರ, ಮೊದಲು ಪತ್ತೆಯಾದದ್ದು. ಡಿಸೆಂಬರಿನಿಂದ ಮೇ ತನಕ ನನ್ನ ಕೆಲಸವೇ ಮನೆ ಮನೆ ಸುತ್ತಿ ಜ್ವರ ಕೇಳುವುದು. "ಜ್ವರ ಇದೆಯಾ?" ಎಂದರೆ "ಇತ್ತು, ಕಷಾಯ ಕುಡಿದಿದ್ದಾರೆ, ಮಲಗಿದ್ದಾರೆ" ಎನ್ನುತ್ತಾರೆ. ಎಷ್ಟು ದಿನವಾಯಿತು ಎಂದರೆ ನಾಲ್ಕು, ಐದು. ದರಗು (ಒಣ ಎಲೆ) ತರಲು ಕಾಡಿಗೆ ಹೋದವರು, 'ಉಣುಗು ಕಚ್ಚಿತ್ತು' ಎಂದು ಆಮೇಲೆ ನೆನಪಿಸಿಕೊಳ್ಳುತ್ತಾರೆ.

ಕಷಾಯದ ಮೇಲೆ ನನಗೆ ದ್ವೇಷವಿಲ್ಲ, ನಾನೂ ದಿನಾ ಕುಡಿಯುತ್ತೇನೆ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ಆ ತಿಂಗಳುಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕಾಲು ಮುರಿದಂತಹ ನೋವು ಬಂದರೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ರಕ್ತದ ಮಾದರಿ ಬೇಗ ಹೋದಷ್ಟು ಒಳ್ಳೆಯದು. ಜ್ವರ ಬಿಟ್ಟು ಕೆಲವು ದಿನದ ಮೇಲೆ ಮತ್ತೆ ಮರುಕಳಿಸುವುದೂ ಇದೆ, ಗುಣವಾಯಿತೆಂದು ತೋಟಕ್ಕೆ ಹೋಗಬೇಡಿ. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ನಾವು ಹಂಚುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ. ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ನಮಗೆ ಹೇಳಿ.

ಬೆಂಗಳೂರಲ್ಲಿ ಮಲೆನಾಡಿಗ

ಅಮ್ಮನಿಗೆ ಪರೀಕ್ಷೆ ಮಾಡಿಸಿದೆವು. ಸಕ್ಕರೆ ನಿಜವಾಗಿಯೂ ಇಳಿದಿತ್ತು. ಎಲೆ ನಿಲ್ಲಿಸಿ ನಾಲ್ಕು ದಿನವಾಯಿತು, ನಡುಕ ಇಲ್ಲ. ಪುಡಿಯನ್ನೂ ಎಸೆದೆ. ತುಂಗಾತೀರ ಅವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಕೊಪ್ಪದ ಅಜ್ಜಿಮನೆ

ಒಳ್ಳೆಯದಾಯಿತು ಮಗಾ. ನಿನ್ನ ಅಮ್ಮನ ವಯಸ್ಸೂ ನನಗಿಂತ ಕಡಿಮೆಯೇ ಇರಬೇಕು. ಅವರಿಗೆ ನನ್ನ ನಮಸ್ಕಾರ ಹೇಳು.

ಹೊಸನಗರದ ಮಗಳೇ, ಕಾಲು ಭಾಗಕ್ಕೆ ಇಳಿಸುವುದು ಹೇಗೆ ಗೊತ್ತಾಗುತ್ತದೆ ಎಂದು ನಿನಗೆ ಪ್ರಶ್ನೆ ಬಂದೀತು, ಪ್ರತಿ ಸಲ ಅಳೆಯುವ ಲೋಟಕ್ಕೆ ಸುರಿದು ನೋಡಲಾಗುವುದಿಲ್ಲ. ನಾವು ಒಂದು ಬಿದಿರು ಕಡ್ಡಿ ಇಟ್ಟುಕೊಳ್ಳುತ್ತೇವೆ. ಮೊದಲು ಕಾಲು ಪಾಲು ನೀರು ಹಾಕಿ, ಕಡ್ಡಿಯನ್ನು ನೇರವಾಗಿ ಇಳಿಸಿ, ಒದ್ದೆಯಾದಲ್ಲಿಗೆ ಚಾಕುವಿನಿಂದ ಗೀರು ಹಾಕು. ಆಮೇಲೆ ಉಳಿದ ನೀರು ಹಾಕಿ ಒಲೆಗಿಡು. ಆ ಗೀರಿಗೆ ಬಂದಾಗ ಇಳಿಸು. ಚೆಂಬು ಬದಲಾದರೆ ಕಡ್ಡಿಯೂ ಬದಲು.

ಶರಾವತಿ ಹಿನ್ನೀರು

ಅಜ್ಜಿ, ನಿಮ್ಮ ಮಾತು ಓದಿ ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತೆಯವರ ಆ ಚೆಂಬನ್ನು ಅವರು ಹೋದ ಮೇಲೆ ತೊಳೆದು ಗೂಡಿನಲ್ಲಿ ಇಟ್ಟಿದ್ದೆ. ಅದರ ಜೊತೆಗೇ ಒಂದು ಗೇಣುದ್ದದ ಬಿದಿರು ಕಡ್ಡಿ ಇತ್ತು. ತಿರುವಲು ಇಟ್ಟುಕೊಂಡದ್ದು ಎಂದೇ ಇಷ್ಟು ದಿನ ತಿಳಿದಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಕಷಾಯದ ಕಂದು ಹಿಡಿದ ಮೈಯಲ್ಲಿ ಎರಡು ಗೀರುಗಳಿವೆ.

ಒಂದು ಲೋಟ ನೀರು ಅಳೆದು ಹಾಕಿದೆ, ಕೆಳಗಿನ ಗೀರಿಗೆ ಸರಿಯಾಗಿ ಬಂತು. ನಾಲ್ಕು ಲೋಟ ಹಾಕಿದರೆ ಚೆಂಬಿನ ಕಂಠಕ್ಕೆ. ಅಂದರೆ ಅವರ ಅಳತೆ ನಾಲ್ಕು ಲೋಟ, ಒಂದಕ್ಕೆ ಇಳಿಸುವುದು. ಮೇಲಿನ ಗೀರು ಎರಡು ಲೋಟದ ಮಟ್ಟಕ್ಕಿದೆ. ಅದು ಏತಕ್ಕೆ?

ಮಗನ ಕೆಮ್ಮು ಇಳಿದಿದೆ. ಉಸಿರು ಜೋರಾಗಿಲ್ಲ, ಜ್ವರ ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡೇ ಬಂದೆ. ಬಾಳೆಎಲೆಯಲ್ಲಿ ಸುತ್ತಿ ಬೂದಿಯಲ್ಲಿಟ್ಟ ಆಡುಸೋಗೆಯ ರಸವನ್ನು ಅರ್ಧ ಚಮಚ ಕೊಟ್ಟೆ, ಮುಖ ಸಿಂಡರಿಸಿದ, ಕಕ್ಕಲಿಲ್ಲ.

ಕೊಪ್ಪದ ಅಜ್ಜಿಮನೆ

ಮೇಲಿನ ಗೀರು ಮಕ್ಕಳದ್ದು ಇರಬೇಕು ಮಗಳೇ. ನಮ್ಮ ಮನೆಯಲ್ಲೂ ಮಕ್ಕಳಿಗೆ ಸಾಮಾನು ಕಡಿಮೆ ಹಾಕಿ ಅರ್ಧಕ್ಕೇ ಇಳಿಸುತ್ತೇವೆ, ಕಹಿ ತಡೆಯುತ್ತದೆ. ನಿನ್ನ ಚಿಕ್ಕತ್ತೆಯನ್ನು ಒಮ್ಮೆ ಕೇಳಿ ನೋಡು, ಅವರಿಗೆ ಗೊತ್ತಿರುತ್ತದೆ.